ಮೊದಲು ಧ್ರುವನನ್ನು ಹುಡುಕಿ

ಹಗಲಿನಲ್ಲಿ ಒಂದು ಮರದ ಚಿತ್ರವನ್ನು ತೆಗೆಯುವುದು ಸುಲಭ. ಮರವು ನಿಂತಲ್ಲಿಯೇ ನಿಂತಿರುತ್ತದೆ, ಬೆಳಕೂ ಬೇಕಾದಷ್ಟಿರುತ್ತದೆ. ನಕ್ಷತ್ರಗಳ ವಿಷಯ ಹಾಗಲ್ಲ. ಅವುಗಳಿಂದ ನಮ್ಮನ್ನು ಬಂದು ಸೇರುವ ಬೆಳಕು ಅತ್ಯಲ್ಪ. ಅದನ್ನು ಕೂಡಿಹಾಕಬೇಕಾದರೆ ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಡಬೇಕು. ಅಷ್ಟರಲ್ಲಿ ನಕ್ಷತ್ರವು ಸರಿದಿರುತ್ತದೆ. ಚುಕ್ಕೆಯಾಗಿ ಮೂಡಬೇಕಾದದ್ದು ಗೆರೆಯಾಗಿ ಮೂಡುತ್ತದೆ. ಇದಕ್ಕೆ ಕಾರಣ ಭೂಮಿಯ ಭ್ರಮಣ. ಭೂಮಿಯು ಗಂಟೆಗೆ ಸುಮಾರು 15 ಡಿಗ್ರಿಯಂತೆ ತಿರುಗುತ್ತಿರುವುದರಿಂದ, ಎರಡೇ ನಿಮಿಷಗಳಲ್ಲಿ ಆಕಾಶವು ಹುಣ್ಣಿಮೆಯ ಚಂದ್ರನ ಅಗಲದಷ್ಟು ಜರುಗಿದಂತೆ ಕಾಣುತ್ತದೆ.

ಈ ತೊಡಕನ್ನು ನಿವಾರಿಸಲು ಸ್ಟಾರ್ ಟ್ರ್ಯಾಕರ್ ಎಂಬ ಕಿರುಯಂತ್ರವೊಂದು ಬಂದಿದೆ. ಕೈಚೀಲದಲ್ಲಿ ಹಿಡಿಯುವಷ್ಟೇ ಗಾತ್ರ. ಇದನ್ನು ಮುಕ್ಕಾಲಿ ಪೀಠದ ಮೇಲಿರಿಸಿ, ಇದರ ಮೇಲೆ ಕ್ಯಾಮೆರಾವನ್ನು ಕೂರಿಸುತ್ತಾರೆ. ಭೂಮಿಯು ಎಷ್ಟು ವೇಗದಲ್ಲಿ ಪೂರ್ವಕ್ಕೆ ತಿರುಗುತ್ತದೆಯೋ ಅಷ್ಟೇ ವೇಗದಲ್ಲಿ ಇದು ಕ್ಯಾಮೆರಾವನ್ನು ಪಶ್ಚಿಮಕ್ಕೆ ತಿರುಗಿಸುತ್ತದೆ. ಆದರೆ ಒಂದು ನಿಯಮವುಂಟು: ಯಂತ್ರದ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು, ಎಂದರೆ ಅದು ಧ್ರುವ ನಕ್ಷತ್ರದ ಕಡೆಗೆ ಮುಖಮಾಡಿರಬೇಕು. ಈ ನಿಯಮ ತಪ್ಪಿದರೆ ಯಂತ್ರವು ಎಷ್ಟು ಬೆಲೆಬಾಳುವುದಾದರೂ ನಿಷ್ಪ್ರಯೋಜಕ.

ನಾನು ವಾಸವಾಗಿರುವ ಬೆಂಗಳೂರಿನ ರಿಚರ್ಡ್ಸ್ ಟೌನಿನಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ಇಲ್ಲಿ ಹೇಳಬೇಕು. ನೆರೆಮನೆಯ ಹುಡುಗನೊಬ್ಬ ಎರಡು ವರ್ಷ ಹಣ ಕೂಡಿಸಿ ಈ ಯಂತ್ರವನ್ನು ಕೊಂಡನು. ಫೆಬ್ರವರಿಯ ಆರಂಭದ ಒಂದು ರಾತ್ರಿ ಅವನು ನಮ್ಮ ಬಾಗಿಲು ತಟ್ಟಿ, "ಮೇಷ್ಟ್ರೇ, ಯಂತ್ರ ಕೆಟ್ಟುಹೋಗಿದೆ. ಎಲ್ಲ ನಕ್ಷತ್ರಗಳೂ ಗೆರೆಗೆರೆಯಾಗಿ ಬರುತ್ತಿವೆ" ಎಂದನು. ಅವನ ಕಣ್ಣಿನಲ್ಲಿ ನೀರಿತ್ತು. ಅವನೊಡನೆ ಮಹಡಿಗೆ ಹೋಗಿ, "ಧ್ರುವ ಎಲ್ಲಿದೆ ತೋರಿಸಪ್ಪ" ಎಂದೆ. ಅವನು ಉತ್ತರದಲ್ಲಿ ಬಲು ಎತ್ತರಕ್ಕೆ ಥಳಥಳಿಸುತ್ತಿದ್ದ ಒಂದು ನಕ್ಷತ್ರವನ್ನು ತೋರಿಸಿದನು. ಅದು ಬ್ರಹ್ಮಹೃದಯ! ಧ್ರುವವೇ ಆಕಾಶದಲ್ಲಿ ಎಲ್ಲಕ್ಕಿಂತ ಉಜ್ಜ್ವಲವಾದ ನಕ್ಷತ್ರವೆಂದು ಅವನು ನಂಬಿದ್ದನು. ಯಂತ್ರಕ್ಕೆ ಯಾವ ದೋಷವೂ ಇರಲಿಲ್ಲ.

ಧ್ರುವವು ಸಾಧಾರಣ ಪ್ರಕಾಶದ ನಕ್ಷತ್ರ. ಅದು ಕ್ಷಿತಿಜದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೆಂಬುದು ನೋಡುವವನ ಊರಿನ ಅಕ್ಷಾಂಶವನ್ನು ಅವಲಂಬಿಸಿದೆ. ಲಂಡನ್ನಿನಲ್ಲಿ ಅದರ ಎತ್ತರ ಸುಮಾರು 51 ಡಿಗ್ರಿ. ಬೆಂಗಳೂರಿನಲ್ಲಿ ಕೇವಲ 13 ಡಿಗ್ರಿ. ತೋಳನ್ನು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಹಾಗಾಗಿ ನಮ್ಮೂರಿನಲ್ಲಿ ಧ್ರುವವು ಕ್ಷಿತಿಜದಿಂದ ಒಂದು ಮುಷ್ಟಿಗಿಂತ ತುಸುವೇ ಮೇಲಿರುತ್ತದೆ. ಅಷ್ಟು ತಗ್ಗಿನಲ್ಲಿ ನಗರದ ಹೊಗೆ, ದೂಳು, ದೀಪಗಳ ಮಬ್ಬು ಎಲ್ಲವೂ ಸೇರಿರುತ್ತವೆ. ನಮ್ಮ ಮಹಡಿಯಿಂದಂತೂ ಎದುರಿನ ಬಹುಮಹಡಿ ಕಟ್ಟಡವೇ ಅದನ್ನು ಮರೆಮಾಡಿತ್ತು.

ಆ ರಾತ್ರಿ ನಾವು ದಿಕ್ಸೂಚಿಯಿಂದ ಉತ್ತರವನ್ನು ಗೊತ್ತುಮಾಡಿ, ಯಂತ್ರದ ಅಕ್ಷವನ್ನು 13 ಡಿಗ್ರಿಗೆ ಓರೆಯಾಗಿಸಿದೆವು. ಗೆರೆಗಳು ಚುಕ್ಕೆಗಳಾದವು, ಆದರೆ ನಗರದ ಬೆಳಕಿನಿಂದ ಚಿತ್ರವೆಲ್ಲ ಬೆಳ್ಳಗಾಯಿತು. ಆ ತಿಂಗಳ ಅಮಾವಾಸ್ಯೆಗೆ ಹುಡುಗನು ಚಿಂತಾಮಣಿಯ ಕಡೆಯ ತನ್ನ ಅಜ್ಜಿಯ ಊರಿಗೆ ಹೋದನು. ರಾತ್ರಿ ಹತ್ತರ ಹೊತ್ತಿಗೆ ಈಶಾನ್ಯದಲ್ಲಿ ಸಪ್ತರ್ಷಿ ಮಂಡಲವು ಮೇಲೇರಿತ್ತು. ಅದರ ಪುಲಹ ಮತ್ತು ಕ್ರತು ನಕ್ಷತ್ರಗಳನ್ನು ಕೂಡಿಸಿ, ಆ ಅಂತರದ ಐದರಷ್ಟು ಮುಂದಕ್ಕೆ ಗೆರೆ ಎಳೆದರೆ ಧ್ರುವ ಸಿಕ್ಕುತ್ತದೆ. ಈ ಪಾಠವನ್ನು ನೆನಪಿಟ್ಟು ಅವನು ತಾನೇ ಧ್ರುವನನ್ನು ಕಂಡುಹಿಡಿದನು. ಎರಡು ನಿಮಿಷ ತೆರೆದಿಟ್ಟ ಕ್ಯಾಮೆರಾದಲ್ಲಿ ಮಹಾವ್ಯಾಧನ ಖಡ್ಗದ ನಡುವಣ ನೀಹಾರಿಕೆಯು ನಸುಗೆಂಪಾಗಿ ಮೂಡಿತು. ಆ ಬೆಳಕು ಅಲ್ಲಿಂದ ಹೊರಟು ಸುಮಾರು 1,300 ವರ್ಷಗಳಾಗಿದ್ದವು.

ಈ ಪ್ರಸಂಗದಿಂದ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಯಂತ್ರವನ್ನು ಕೊಳ್ಳುವುದು ತಪ್ಪಲ್ಲ. ಆದರೆ ಅದು ಮೊದಲ ಮೆಟ್ಟಿಲಾಗಬಾರದು. ಮೊದಲನೆಯ ವರ್ಷ ಬರಿಗಣ್ಣಿನಿಂದ ಆಕಾಶವನ್ನು ಓದಬೇಕು. ಕೃತ್ತಿಕೆ, ರೋಹಿಣಿ, ಮಘೆ, ಚಿತ್ತೆಗಳು ನೆರೆಹೊರೆಯವರಷ್ಟು ಪರಿಚಿತವಾಗಬೇಕು. ಅನಂತರ ಸಾಮಾನ್ಯ ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ ಚಿತ್ರ ತೆಗೆಯಬೇಕು. 500ನ್ನು ಮಸೂರದ ಸಂಗಮ ದೂರದಿಂದ ಭಾಗಿಸಿದರೆ, ಗೆರೆಯಾಗದಂತೆ ಸುಮಾರು ಎಷ್ಟು ಸೆಕೆಂಡು ತೆರೆದಿಡಬಹುದೆಂಬುದು ತಿಳಿಯುತ್ತದೆ. 50 ಮಿಲಿಮೀಟರ್ ಮಸೂರಕ್ಕೆ ಅದು 10 ಸೆಕೆಂಡು.

ಮೂರನೆಯ ಮೆಟ್ಟಿಲಿನಲ್ಲಿ ಯಂತ್ರವನ್ನು ಕೈಯಾರೆ ಮಾಡಿಕೊಳ್ಳಬಹುದು. ಎರಡು ಹಲಗೆಗಳು, ಅವನ್ನು ಜೋಡಿಸುವ ಒಂದು ಬಾಗಿಲ ಕೀಲು ಮತ್ತು ಒಂದು ಉದ್ದನೆಯ ತಿರುಪು ಇದ್ದರೆ ಸಾಕು. ಒಂದು ಸುತ್ತಿಗೆ ಒಂದು ಮಿಲಿಮೀಟರ್ ಸಾಗುವ ತಿರುಪನ್ನು ಕೀಲಿನಿಂದ ಸುಮಾರು 229 ಮಿಲಿಮೀಟರ್ ದೂರದಲ್ಲಿ ಕೂರಿಸಿ, ಕೀಲನ್ನು ಧ್ರುವದತ್ತ ತಿರುಗಿಸಿ, ತಿರುಪನ್ನು ನಿಮಿಷಕ್ಕೊಂದು ಸುತ್ತಿನಂತೆ ಕೈಯಿಂದ ತಿರುಗಿಸಿದರೆ ಮೇಲಿನ ಹಲಗೆಯು ಆಕಾಶದೊಡನೆ ಸಾಗುತ್ತದೆ. 229 ಏಕೆ ಎಂಬುದನ್ನು ಗಣಿತ ಬಲ್ಲ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಲಿ. ಇದನ್ನು ಮಾಡಿ ಕಲಿತವನ ಕೈಯಲ್ಲಿ ಕೊಂಡುತಂದ ಯಂತ್ರವೂ ಶೋಭಿಸುತ್ತದೆ.

ದೊಡ್ಡ ದೂರದರ್ಶಕಗಳು ಅದ್ಭುತ ಚಿತ್ರಗಳನ್ನು ಕೊಡುತ್ತಿರುವಾಗ ನಮ್ಮ ಮಂಕು ಚಿತ್ರವೇಕೆ ಎಂದು ಕೆಲವರು ಕೇಳಬಹುದು. ಆ ದೊಡ್ಡ ಕೆಲಸವೂ ಇಂತಹ ತಾಳ್ಮೆಯಿಂದಲೇ ಆದದ್ದು. 1949ರಲ್ಲಿ ಹಾರ್ವರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದ ವೇಣು ಬಾಪು ಅವರು ತಾವು ತೆಗೆದ ಛಾಯಾಫಲಕವೊಂದನ್ನು ಪರೀಕ್ಷಿಸುವಾಗ ಹೊಸ ಧೂಮಕೇತುವನ್ನು ಕಂಡರು. 1988ರಲ್ಲಿ, ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಗೆ ಸೇರಿದ ಕಾವಲೂರಿನ ವೀಕ್ಷಣಾಲಯದಲ್ಲಿ ಆರ್. ರಾಜಮೋಹನ್ ಅವರು ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದರು. ಅದಕ್ಕೆ ಗಣಿತಜ್ಞ ರಾಮಾನುಜನ್ನರ ಹೆಸರಿಡಲಾಯಿತು. ಎಲ್ಲರೂ ಹೊಸದನ್ನು ಕಾಣಲಾರರು. ಆದರೆ ಸ್ವತಃ ಹುಡುಕಿ ಕಂಡ ಹಳೆಯದೂ ಕಂಡವನಿಗೆ ಹೊಸದೇ.

ಇನ್ನೊಂದು ಮಾತು. ಯಾವ ಯಂತ್ರವೂ ಕತ್ತಲೆಯನ್ನು ತಂದುಕೊಡಲಾರದು. ಲಡಾಖಿನ ಹಾನ್ಲೆ ಪ್ರದೇಶವನ್ನು 2022ರಲ್ಲಿ ಇರುಳಿನ ಆಕಾಶದ ರಕ್ಷಿತ ವಲಯವೆಂದು ಘೋಷಿಸಲಾಯಿತು. ಬೆಂಗಳೂರು ಹಾನ್ಲೆಯಾಗಲಾರದು ನಿಜ. ದಾರಿಹೋಕರಿಗೆ ದೀಪ ಬೇಕು. ಆದರೆ ನೆಲಕ್ಕೆ ಬೇಕಾದ ಬೆಳಕನ್ನು ಆಕಾಶಕ್ಕೆ ಚೆಲ್ಲುವುದರಿಂದ ಯಾರಿಗೆ ಲಾಭ? ಮಹಡಿಯ ದೀಪಕ್ಕೊಂದು ಮರೆ ಕಟ್ಟುವುದು, ಮಲಗುವ ಮುನ್ನ ಅದನ್ನು ಆರಿಸುವುದು ನಮ್ಮ ಕೈಯಲ್ಲಿಯೇ ಇದೆ.

ಆದುದರಿಂದ, ವಿದ್ಯಾರ್ಥಿಗಳೇ, ಇಂದಿನ ರಾತ್ರಿ ಮೋಡವಿಲ್ಲದಿದ್ದರೆ ಮನೆಯ ಹೊರಗೆ ಬನ್ನಿ. ದೀಪವಾರಿಸಿ, ಉತ್ತರಕ್ಕೆ ಮುಖಮಾಡಿ, ತೋಳು ಚಾಚಿ ಮುಷ್ಟಿ ಹಿಡಿಯಿರಿ. ಅದರ ತುಸು ಮೇಲೆ ಮಂಕಾಗಿ, ಕದಲದೆ ನಿಂತಿರುವ ಚುಕ್ಕೆಯನ್ನು ಹುಡುಕಿರಿ. ಕ್ಯಾಮೆರಾದ ಮಾತು ಆಮೇಲೆ.