ಸಹಿ ದೆಹಲಿಯದ್ದು, ಸಾಲ ನಮ್ಮದು

ಅಮೆರಿಕ, ರಷ್ಯಾ ಜಗಳ ಕಟ್ಟಿಕೊಂಡು ನಮಗೇನಾಗಬೇಕು ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಆದರೆ ಆ ಜಗಳದ ಬಿಸಿ ನಮ್ಮ ಹೊಲ, ಕೊಟ್ಟಿಗೆಗೂ ತಟ್ಟುತ್ತದೆ.

2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕುಗಳ ಮೇಲೆ ಶೇ 50ರಷ್ಟು ಸುಂಕ ಹಾಕಿತು. ಅದರಲ್ಲಿ ಅರ್ಧ, ಭಾರತ ರಷ್ಯಾದಿಂದ ತೈಲ ಕೊಂಡಿದ್ದಕ್ಕೆ ದಂಡ. ಜೊತೆಗೆ ತನ್ನ ಜೋಳ, ಸೋಯಾ, ಹಾಲಿನ ಪದಾರ್ಥಗಳಿಗೆ ಬಾಗಿಲು ತೆಗೆಯಿರಿ ಎಂಬ ಒತ್ತಾಯ. ಭಾರತ ನಮ್ಮ ಒಂದು ಬುಷೆಲ್ ಜೋಳವನ್ನೂ ಕೊಳ್ಳುವುದಿಲ್ಲ ಎಂದು ಅಲ್ಲಿನ ವಾಣಿಜ್ಯ ಸಚಿವ ಹೋವರ್ಡ್ ಲುಟ್ನಿಕ್ ಬಹಿರಂಗವಾಗಿಯೇ ದೂರಿದರು.

ಆಲೂಗಡ್ಡೆ ಕೈಕೊಟ್ಟ ಮೇಲೆ ಹಾಸನ, ಅರಕಲಗೂಡು ಕಡೆ ಎಷ್ಟೋ ಜನ ಮುಸುಕಿನ ಜೋಳ ನಂಬಿದ್ದಾರೆ. ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಡೈರಿ ಬಟವಾಡೆಯೇ ಮನೆ ಖರ್ಚಿಗೆ ದಾರಿ. ಸರ್ಕಾರದ ಸಬ್ಸಿಡಿ ಪಡೆದು, ಸಾವಿರಾರು ಎಕರೆ ಉಳುವ ಅಮೆರಿಕದ ರೈತನ ಜೊತೆ ಎರಡು ಎಕರೆಯವರು ಪೈಪೋಟಿ ಮಾಡಬೇಕೆ?

ರೈತರ ಹಿತ ಬಿಡುವುದಿಲ್ಲವೆಂದು ಪ್ರಧಾನಿ ಹೇಳಿದ್ದಾರಲ್ಲ ಎನ್ನಬಹುದು. ಹೇಳಿದ್ದು ಆಗಸ್ಟ್ 7ಕ್ಕೆ. ಅದೇ ತಿಂಗಳು ಕೇಂದ್ರ ಸರ್ಕಾರ ಹತ್ತಿಯ ಮೇಲಿದ್ದ ಶೇ 11ರ ಆಮದು ಸುಂಕ ತೆಗೆಯಿತು. ಮೊದಲು ಸೆಪ್ಟೆಂಬರ್ 30ರವರೆಗೆ ಎಂದರು, ಆಮೇಲೆ ಡಿಸೆಂಬರ್ 31ಕ್ಕೆ ಎಳೆದರು. ಜವಳಿ ಉದ್ಯಮಕ್ಕೆ ಆಸರೆಯಾಗಲಿ ಎಂಬುದು ಕಾರಣ. ಹತ್ತಿ ಬೆಳೆದವನಿಗೆ ಆಸರೆ ಯಾರು?

ದೊಡ್ಡವರಿಗೆ ಬೇಡ ಎನ್ನಲು ಆಗುವುದಿಲ್ಲ ಎಂಬುದು ಸುಳ್ಳು. 1996ರಲ್ಲಿ ಹೊಳೆನರಸೀಪುರದ ದೇವೇಗೌಡರು ಪ್ರಧಾನಿಯಾಗಿದ್ದಾಗ ಅಣುಪರೀಕ್ಷೆ ನಿಷೇಧ ಒಪ್ಪಂದಕ್ಕೆ ಭಾರತ ಸಹಿ ಹಾಕಲಿಲ್ಲ. 2019ರ ನವೆಂಬರ್ 4ರಂದು ಆರ್‌ಸಿಇಪಿ ಒಪ್ಪಂದದಿಂದ ಭಾರತ ಹೊರಬಂತು. ನ್ಯೂಜಿಲೆಂಡ್ ಹಾಲಿನ ಪುಡಿ ಬರುತ್ತದೆಂದು ಹಾಲು ಉತ್ಪಾದಕರು ಬೀದಿಗಿಳಿದಿದ್ದರು.

ಸುಮ್ಮನಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿದೆ. ಆಮದಿಗೆ ಭಾರತ ಹಾಕಿದ್ದ ಮಿತಿಯ ವಿರುದ್ಧ ಅಮೆರಿಕ 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು, 1999ರಲ್ಲಿ ಗೆದ್ದಿತು. 2001ರ ಏಪ್ರಿಲ್ 1ಕ್ಕೆ ಉಳಿದ ಮಿತಿಗಳೂ ಹೋದವು. ಹಳ್ಳಿಯವರಿಗೆ ವಿಷಯ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಂವಿಧಾನದ ಪ್ರಕಾರ ಕೃಷಿ ರಾಜ್ಯದ ವಿಷಯ. ಆದರೆ ವಿದೇಶಿ ಒಪ್ಪಂದಕ್ಕೆ ಕೇಂದ್ರದ ಸಹಿ ಸಾಕು, ಸಂಸತ್ತಿನ ಮತವೂ ಬೇಕಿಲ್ಲ. ಈ ಪದ್ಧತಿ ಬದಲಾಗಬೇಕು. ಹಾಲು, ಜೋಳ ಮುಟ್ಟುವ ಯಾವ ಒಪ್ಪಂದದ ಕರಡೇ ಇರಲಿ, ಸಹಿಗೆ ಮೊದಲು ಸಂಸತ್ತಿನಲ್ಲೂ ವಿಧಾನಸಭೆಯಲ್ಲೂ ಚರ್ಚೆಯಾಗಲಿ.

ವೋಟು ಕೇಳಲು ಯಾವ ಪಕ್ಷದವರು ಬಂದರೂ ಮೊದಲು ಇದನ್ನೇ ಕೇಳಿ: ಆ ಕರಡನ್ನು ನೀವು ಓದಿದ್ದೀರಾ?