ಮೂಲ ತೀರ್ಪು ಓದುವ ಹೊಣೆ
2023ರಲ್ಲಿ ನ್ಯೂಯಾರ್ಕ್‌ನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕಟ್ಟಿಕೊಟ್ಟ ತೀರ್ಪುಗಳನ್ನು ನಂಬಿ ಕೋರ್ಟಿಗೆ ಸಲ್ಲಿಸಿದರು. ಪ್ರಕರಣದ ಸಂಖ್ಯೆ, ನ್ಯಾಯಮೂರ್ತಿಗಳ ಹೆಸರು ಎಲ್ಲ ಅಚ್ಚುಕಟ್ಟಾಗಿದ್ದವು. ಅಂಥ ತೀರ್ಪುಗಳೇ ಇರಲಿಲ್ಲ. ಅವರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ಬಿತ್ತು. ಮುಂದಿನ ಪದವನ್ನು ಊಹಿಸಿ ಜೋಡಿಸುವ ಯಂತ್ರ ನಿಜ–ಸುಳ್ಳನ್ನು ತಾನಾಗಿ ತೂಗಿ ನೋಡುವುದಿಲ್ಲ. ಹಾಗೆಂದು ಅದನ್ನು ದೂರವಿಡಬೇಕೆಂಬ ವಾದವನ್ನು ಒಪ್ಪಲಾಗದು. ನಮ್ಮ ಸುಪ್ರೀಂ ಕೋರ್ಟ್ 2019ರಲ್ಲಿ ತಂದ ‘ಸುವಾಸ್’ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ತೀರ್ಪುಗಳನ್ನು ಕನ್ನಡಕ್ಕೂ ಅನುವಾದಿಸುತ್ತದೆ. ಆ ಕರಡನ್ನು ಅನುವಾದಕರು ಓದಿ ತಿದ್ದುತ್ತಾರೆ.

ಎಲ್ಲವನ್ನೂ ಪರಿಶೀಲಿಸುತ್ತ ಕೂತರೆ ಉಳಿತಾಯವೇನು ಎಂದು ಕೇಳಬಹುದು. ಖಾಲಿ ಹಾಳೆಯಿಂದ ಶುರು ಮಾಡುವುದಕ್ಕಿಂತ ಕರಡು ತಿದ್ದುವುದು ಹಗುರ, ಆದರೆ ವಿಷಯ ಬಲ್ಲವರಿಗೆ ಮಾತ್ರ. ಹವ್ಯಾಸಕ್ಕೆ ಚಿತ್ರ ಬರೆಯುವವರು ತಪ್ಪಿದರೆ ಹಾಳೆ ಹರಿದರಾಯಿತು. ವಕೀಲರು ತಪ್ಪಿದರೆ ಕಕ್ಷಿದಾರನಿಗೆ ಆ ಅನುಕೂಲವಿಲ್ಲ. ಮೂಲ ತೀರ್ಪನ್ನು ತೆರೆದು ಓದುವ ಕೆಲಸವನ್ನು ವಕೀಲರು ಯಂತ್ರಕ್ಕೆ ಒಪ್ಪಿಸಬಾರದು.