ಎಪ್ಪತ್ತರ ಚಾಲಕ, ಇಪ್ಪತ್ತೇಳು ತಿರುವು

ಎಪ್ಪತ್ತು ದಾಟಿದವರು ಕಾರು ಓಡಿಸಬಾರದು ಎನ್ನುವವರಲ್ಲಿ ಎರಡು ಬಗೆ. ನಿಷ್ಠುರರು ವಯಸ್ಸಿಗೇ ಒಂದು ಮಿತಿ ಹಾಕಿಬಿಡಿ ಎನ್ನುತ್ತಾರೆ. ಸೌಮ್ಯರು ಅಷ್ಟು ದೂರ ಹೋಗುವುದಿಲ್ಲ. ಎರಡು-ಮೂರು ವರ್ಷಕ್ಕೊಮ್ಮೆ ಮತ್ತೆ ಡ್ರೈವಿಂಗ್ ಟೆಸ್ಟ್ ಮಾಡಿದರೆ ಸಾಕು, ಅದರಿಂದ ಯಾರಿಗೇನು ನಷ್ಟ ಎಂದು ಕೇಳುತ್ತಾರೆ. ಎರಡೂ ಕೇಳಲು ನ್ಯಾಯವಾಗಿಯೇ ಇವೆ. ಆದರೆ ಇಂಥ ಮಾತು ಹುಟ್ಟುವುದು ಹತ್ತು ನಿಮಿಷಕ್ಕೊಂದು ಬಸ್ಸು ಬರುವ, ಕೈ ಎತ್ತಿದರೆ ಆಟೊ ನಿಲ್ಲುವ ಊರುಗಳಲ್ಲಿ. ತಾಳವಾಡಿಯಲ್ಲಿ ಅದು ಎಷ್ಟು ಹೊತ್ತು ನಿಂತೀತು ಎಂಬುದು ನನ್ನ ಅನುಮಾನ.

ತಾಳವಾಡಿ ಸೇರಿರುವುದು ತಮಿಳುನಾಡಿನ ಈರೋಡ್ ಜಿಲ್ಲೆಗೆ. ಮನೆಮಾತು ಬಹುಮಟ್ಟಿಗೆ ಕನ್ನಡ. ಸಂತೆ, ನೆಂಟಸ್ತಿಕೆ, ತುರ್ತಿನ ಆಸ್ಪತ್ರೆ ಎಲ್ಲವೂ ಚಾಮರಾಜನಗರದ ದಿಕ್ಕಿನಲ್ಲಿವೆ. ಜಿಲ್ಲಾ ಕಚೇರಿಯ ಕೆಲಸ ಬಿದ್ದರೆ ಮಾತ್ರ ಹಾಸನೂರು ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಇಳಿದು ಬಣ್ಣಾರಿ ಮುಟ್ಟಬೇಕು. ನಡುವೆ ಇರುವುದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಇಲ್ಲಿ ಕೋಸಿನ ಹೊಲ, ಬಾಳೆ ತೋಟ ಇಟ್ಟುಕೊಂಡ ಎಪ್ಪತ್ತರ ರೈತನಿಗೆ ಗಾಡಿ ಶೋಕಿಯಲ್ಲ.

ಮೊದಲಿಗೆ, ನಮ್ಮಲ್ಲಿ ಈ ಬಗ್ಗೆ ಕಾನೂನೇ ಇಲ್ಲ ಎಂಬ ಸಾಮಾನ್ಯ ನಂಬಿಕೆ. ಇದು ಅರ್ಧ ಮಾತ್ರ ನಿಜ. ಗರಿಷ್ಠ ವಯಸ್ಸಿನ ಮಿತಿ ಇಲ್ಲ, ಹೌದು. ಆದರೆ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, 50ರಿಂದ 55ರೊಳಗೆ ಪಡೆದ ಖಾಸಗಿ ಲೈಸೆನ್ಸು 60ರವರೆಗೆ ನಡೆಯುತ್ತದೆ. 55 ದಾಟಿದ ಮೇಲೆ ಪಡೆದದ್ದಕ್ಕೆ ಐದೇ ವರ್ಷದ ಆಯುಸ್ಸು. ನಲವತ್ತು ದಾಟಿದವರು ನವೀಕರಣಕ್ಕೆ ಫಾರಂ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು. ಅಂದರೆ ಕಾನೂನು ಹಿರಿಯರನ್ನು ಮರೆತಿಲ್ಲ. ಅದು ಕೇಳುವ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ತೊಡಕಿದೆ.

ಆ ಫಾರಂ ಒಮ್ಮೆ ಓದಿ ನೋಡಿ. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟನ್ನು ಈ ವ್ಯಕ್ತಿ ಗುರುತಿಸಬಲ್ಲನೇ ಎಂದು ಅದು ಡಾಕ್ಟರನ್ನು ಕೇಳುತ್ತದೆ. ನಾನು ಕಂಡ ಸಣ್ಣ ಊರುಗಳ ಕ್ಲಿನಿಕ್ಕುಗಳಲ್ಲಿ ಒಂದರ ಉದ್ದವೂ 25 ಮೀಟರ್ ಇರಲಿಲ್ಲ. ನಿಜವಾಗಿ ಪರೀಕ್ಷಿಸಬೇಕಾದರೆ ಡಾಕ್ಟರು ಸ್ಟೆತೊಸ್ಕೋಪು ಕೆಳಗಿಟ್ಟು ಅರ್ಜಿದಾರನ ಜೊತೆ ಬೀದಿಗೆ ಬರಬೇಕು, ಹೆಜ್ಜೆ ಅಳೆಯಬೇಕು, ಆಚೆ ಅಂಗಡಿ ಮುಂದೆ ನಿಂತ ಟೆಂಪೊ ತೋರಿಸಿ ‘ಓದಿ ನೋಡಣ’ ಎನ್ನಬೇಕು. ಹಾಗೆ ಬೀದಿಗೆ ಬಂದ ಡಾಕ್ಟರನ್ನು ನಾನಿನ್ನೂ ನೋಡಿಲ್ಲ; ನೀವು ನೋಡಿದ್ದರೆ ಸಂತೋಷ. ಇನ್ನೊಂದು ಸೂಕ್ಷ್ಮವೂ ಇದೆ. ಕಣ್ಣಿಗೆ ಪೊರೆ ಬರುತ್ತಿರುವವರು ಹಗಲಿನಲ್ಲಿ ಈ ಪ್ಲೇಟನ್ನು ಓದಿಬಿಡಬಹುದು. ಅವರಿಗೆ ಕಷ್ಟ ಶುರುವಾಗುವುದು ಮುಸ್ಸಂಜೆಯಲ್ಲಿ, ಎದುರಿನ ಲಾರಿಯ ಹೆಡ್‌ಲೈಟು ಹತ್ತಿಯಂತೆ ಹರಡಿಕೊಂಡಾಗ. ಫಾರಂ ಆ ಹೊತ್ತನ್ನು ಕೇಳುವುದೇ ಇಲ್ಲ.

ಗಾಡಿಗೇ ಹದಿನೈದು ವರ್ಷಕ್ಕೆ ಎಫ್‌ಸಿ ಕೇಳುತ್ತಾರೆ, ಓಡಿಸುವವನಿಗೆ ಬೇಡವೇ ಎಂಬುದು ಚಹಾದಂಗಡಿಯ ವಾದ, ಮತ್ತು ಸಣ್ಣ ವಾದವೇನಲ್ಲ. ಆದರೆ ಇದನ್ನು ಹೇಳುವವರು ದೆಹಲಿಯ ಪ್ರಕರಣ ನೆನೆಯಬೇಕು. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳಿಗೆ 2025ರ ಜುಲೈ 1ರಿಂದ ಬಂಕುಗಳಲ್ಲಿ ಇಂಧನ ಹಾಕಬಾರದೆಂದು ಹೊರಟಾಗ ಎಂಥ ಗದ್ದಲವೆದ್ದಿತು! ಹೊಗೆ ಅಳೆಯಿರಿ, ವಯಸ್ಸನ್ನಲ್ಲ ಎಂದರು ಜನ. ಕೆಲವೇ ದಿನಗಳಲ್ಲಿ ಆ ಕ್ರಮವನ್ನು ತಡೆಹಿಡಿಯಬೇಕಾಯಿತು. ಗಾಡಿಯ ವಿಷಯದಲ್ಲಿ ನಮಗೆ ಇಷ್ಟು ಬೇಗ ಹೊಳೆಯುವ ನ್ಯಾಯ ಮನುಷ್ಯನ ವಿಷಯದಲ್ಲಿ ತಡವಾಗಿ ಹೊಳೆಯುವುದೇಕೋ ಕಾಣೆ. ಸರ್ಕಾರಿ ಬಸ್ಸಿನ ಡ್ರೈವರು 60ಕ್ಕೆ ನಿವೃತ್ತನಾಗುವುದಿಲ್ಲವೇ ಎಂದೂ ಕೇಳುತ್ತಾರೆ. ಅದು ನೌಕರಿಯ ನಿಯಮ. ಅದೇ ಡ್ರೈವರು ಮರುದಿನ ಖಾಸಗಿ ಲಾರಿ ಹತ್ತಿದರೆ ಅವನ ಲೈಸೆನ್ಸು ಬೇಡ ಎನ್ನುವುದಿಲ್ಲ.

ಹಿರಿಯರೇ ಹೆಚ್ಚು ಅಪಾಯಕಾರಿ ಎಂಬುದಕ್ಕೆ ಬರೋಣ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಮೂರರಲ್ಲಿ ಎರಡು ಪಾಲು 18ರಿಂದ 45ರ ವಯಸ್ಸಿನವರು, ಸಾವುಗಳಲ್ಲಿ ಶೇ. 70ಕ್ಕಿಂತ ಹೆಚ್ಚಿನವು ಅತಿವೇಗದ ಲೆಕ್ಕಕ್ಕೆ ಬಿದ್ದಿವೆ. ಇದರಿಂದ ಹಿರಿಯರು ಸುರಕ್ಷಿತರು ಎಂದು ಸಾಧಿಸಲು ನಾನು ಹೊರಟಿಲ್ಲ. ನಮ್ಮಲ್ಲಿ ಗಾಡಿ ಓಡಿಸುವ ಹಿರಿಯರೇ ಕಡಿಮೆ, ಜನಸಂಖ್ಯೆಯೇ ಎಳೆಯದು. ಹಾಗಾಗಿ ಈ ಅಂಕಿ ಅವರ ಪರ ಪೂರ್ಣ ಸಾಕ್ಷಿಯಲ್ಲ. ಹಿರಿಯರು ಹೆಚ್ಚಾಗಿ ಓಡಿಸುವ ದೇಶಗಳಲ್ಲಿ, ಓಡಿಸಿದ ಪ್ರತಿ ಕಿಲೋಮೀಟರಿಗೆ ಲೆಕ್ಕ ಹಾಕಿದರೆ 75ರ ನಂತರ ಅವರ ಸಾವಿನ ಪ್ರಮಾಣ ಏರುತ್ತದೆ. ಆದರೂ ಆ ಏರಿಕೆಯ ದೊಡ್ಡ ಪಾಲಿಗೆ ಕಾರಣ ಅವರ ಮೂಳೆ, ಎದೆಗೂಡು ಪೆಟ್ಟು ತಡೆಯದಿರುವುದು ಎಂದು ಅಮೆರಿಕದ ಸಂಶೋಧಕರು 2003ರಲ್ಲಿಯೇ ತೋರಿಸಿದ್ದಾರೆ. ಇಪ್ಪತ್ತೈದರ ಹುಡುಗ ಎದ್ದು ಮಣ್ಣು ಕೊಡವಿಕೊಳ್ಳುವ ಗುದ್ದಿನಲ್ಲಿ ಎಪ್ಪತ್ತೈದರ ಮುದುಕ ಸಾಯುತ್ತಾನೆ. ಅಂಕಿಯಲ್ಲಿ ಅದು ಅವನ ಚಾಲನೆಯ ದೋಷದ ಹಾಗೆ ಕಾಣುತ್ತದೆ.

ಇನ್ನು ಸೌಮ್ಯರ ಪ್ರಶ್ನೆ: ಪರೀಕ್ಷೆ ಮಾಡಿದರೆ ನಷ್ಟವೇನು? ಡೆನ್ಮಾರ್ಕ್ 2006ರಲ್ಲಿ ಎಪ್ಪತ್ತಕ್ಕೆ ಬಂದ ಚಾಲಕರಿಗೆ ಬುದ್ಧಿಶಕ್ತಿಯ ಪರೀಕ್ಷೆ ತಂದಿತು. ಫಲಿತಾಂಶವನ್ನು ಅಳೆದು ನೋಡಿದ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದು ಇಷ್ಟು: ಪ್ರಾಣಾಂತಿಕ ಅಪಘಾತಗಳಲ್ಲಿ ಸಿಲುಕಿದ ಹಿರಿಯ ಚಾಲಕರ ಪ್ರಮಾಣ ಇಳಿಯಲಿಲ್ಲ; ಬದಲಿಗೆ, ಕಾರಿನ ಹೊರಗೆ, ಕಾಲ್ನಡಿಗೆಯಲ್ಲೋ ಸೈಕಲಿನಲ್ಲೋ ಸತ್ತ ಹಿರಿಯರು ಹೆಚ್ಚಾದರು. ಲೈಸೆನ್ಸು ಬಿಟ್ಟವರು ಮನೆಯಲ್ಲಿ ಕೂರಲಿಲ್ಲ, ಬೀದಿಗೆ ಬೇರೆ ರೀತಿಯಲ್ಲಿ ಇಳಿದರು. ಡೆನ್ಮಾರ್ಕ್ 2017ರಲ್ಲಿ ವಯಸ್ಸು ನೋಡಿ ಮಾಡುವ ಈ ಕಡ್ಡಾಯವನ್ನೇ ಕೈಬಿಟ್ಟಿತು.

ಈ ಪಾಠ ತಾಳವಾಡಿಗೆ ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ಇಲ್ಲಿ ಕಾರಿನ ಕೀಲಿ ಕಿತ್ತುಕೊಂಡರೆ ಹಿರಿಯರು ಮಗನ ಟಿವಿಎಸ್ ಎಕ್ಸೆಲ್ ಹತ್ತುತ್ತಾರೆ. ಅದರ ಮುಂದಿನ ಚಪ್ಪಟೆ ಜಾಗದಲ್ಲಿ ಗೊಬ್ಬರದ ಚೀಲ, ಹಿಂದೆ ಹುಲ್ಲಿನ ಹೊರೆ, ತಲೆಗೆ ಹೆಲ್ಮೆಟ್ಟಿನ ಬದಲು ಟವಲು. ಪರೀಕ್ಷೆ ನಡೆಸುವ ಅಧಿಕಾರಿಗೆ ಅವರು ಅಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಅನೇಕರು ಆ ಗಾಡಿಗೆಂದು ಲೈಸೆನ್ಸು ಮಾಡಿಸಿದವರೇ ಅಲ್ಲ. ಅದೂ ಇಲ್ಲವೆಂದರೆ ಕತ್ತಲಾಗುವ ಹೊತ್ತಿಗೆ ಆನೆ ದಾಟುವ ರಸ್ತೆಯಲ್ಲಿ ನಡಿಗೆ. ಯಾವುದು ಸುರಕ್ಷಿತ ಎಂಬುದನ್ನು ಓದುಗರೇ ಹೇಳಲಿ.

ಹಾಗೆಂದು ಎದುರು ಪಕ್ಷದ ನಂಬಿಕೆಯೂ ನನಗೆ ರುಚಿಸದು. ನಲವತ್ತು ವರ್ಷದ ಅನುಭವ ಇದೆ, ಇವರಿಗೇನು ಪರೀಕ್ಷೆ ಎನ್ನುತ್ತಾರೆ. ‘ಈ ಘಾಟಿನ ಕಣ್ ಮುಚ್ಕಂಡೇ ಇಳಿಸ್ತೀನಿ ಬುಡಪ್ಪ’ ಎಂಬ ಹಿರಿಯರ ಮಾತನ್ನು ಈ ಭಾಗದಲ್ಲಿ ಯಾರು ಕೇಳಿಲ್ಲ? ಅನುಭವ ಕೊಡುವುದು ನಿಜಕ್ಕೂ ದೊಡ್ಡದೇ. ದಿಂಬಂ ಇಳಿಯುವಾಗ ಹಳೆಯ ಚಾಲಕ ತಿರುವಿಗೆ ಮೊದಲೇ ಎರಡನೇ ಗೇರಿಗೆ ಬಂದಿರುತ್ತಾನೆ, ಬ್ರೇಕನ್ನು ಎಂಜಿನ್ನಿಗೆ ಬಿಡುತ್ತಾನೆ, ಹಾರ್ನ್ ಕೊಟ್ಟು ಏರಿ ಬರುವ ಲಾರಿಗೆ ಜಾಗ ಬಿಡುತ್ತಾನೆ. ಬಯಲಿನಿಂದ ವಾರಾಂತ್ಯಕ್ಕೆ ಬಂದ ಹುಡುಗರು ಇದೇ ತಿರುವನ್ನು ಬ್ರೇಕ್ ತುಳಿದುಕೊಂಡೇ ಇಳಿದು, ಕೆಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಎಬ್ಬಿಸಿರುತ್ತಾರೆ. ಆದರೆ ತಿರುವಿನಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸುವಾಗ ಕತ್ತೂ ತಿರುಗಬೇಕು. ಮುಂದಿನ ಮಡಿಕೆಯಲ್ಲಿ ಯಾರು ಬರುತ್ತಿದ್ದಾರೆಂದು ಭುಜದ ಮೇಲಿಂದ ನೋಡಬೇಕು. ಸ್ಪಾಂಡಿಲೈಟಿಸ್ ಹಿಡಿದ ಕತ್ತಿಗೆ ನಲವತ್ತು ವರ್ಷದ ಅನುಭವ ಇದ್ದರೂ ಅದು ತಿರುಗುವುದಿಲ್ಲ.

ಜಪಾನಿನ ಉದಾಹರಣೆ ನನ್ನ ವಾದಕ್ಕೆ ಅಷ್ಟು ಅನುಕೂಲವಾಗಿಲ್ಲ, ಆದರೂ ಹೇಳಬೇಕು. 2019ರ ಏಪ್ರಿಲಿನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದವರೊಬ್ಬರ ಕಾರು ನುಗ್ಗಿ ತಾಯಿಯೊಬ್ಬಳು ಮತ್ತು ಮೂರು ವರ್ಷದ ಮಗಳು ಸತ್ತರು. ಆ ಗಂಡನಿಗೆ, ತಂದೆಗೆ, ಡೆನ್ಮಾರ್ಕಿನ ಅಂಕಿಅಂಶ ತೋರಿಸುವ ಧೈರ್ಯ ಯಾರಿಗಿದೆ? ಆದರೆ 75 ದಾಟಿದವರಿಗೆ ಬುದ್ಧಿಶಕ್ತಿಯ ಪರೀಕ್ಷೆ ಜಪಾನಿನಲ್ಲಿ 2009ರಿಂದಲೇ ಇತ್ತು. ಆ ಚಾಲಕರು ಅದನ್ನು ದಾಟಿ ಬಂದವರೇ. ಆನಂತರ ಜಪಾನ್ 2022ರಲ್ಲಿ ಮಾಡಿದ ಬದಲಾವಣೆ ನನಗೆ ಹೆಚ್ಚು ಒಪ್ಪಿಗೆ: 75 ದಾಟಿದವರ ಪೈಕಿ, ಹಿಂದಿನ ಮೂರು ವರ್ಷದಲ್ಲಿ ಕೆಲವು ಬಗೆಯ ನಿಯಮ ಮುರಿದವರಿಗೆ ಮಾತ್ರ ರಸ್ತೆ ಪರೀಕ್ಷೆ. ವಯಸ್ಸಿನ ಜೊತೆ ನಡತೆಯನ್ನೂ ನೋಡಿದರು. ನಾನಾದರೆ ವಯಸ್ಸನ್ನೂ ಬಿಟ್ಟು, ಅಪಘಾತ, ಪಾರ್ಶ್ವವಾಯು, ಮೂರ್ಛೆ ಕಂಡ ಯಾರನ್ನೇ ಆಗಲಿ, ಮೂವತ್ತರವರನ್ನೂ, ಮತ್ತೆ ಟೆಸ್ಟಿಗೆ ಕರೆಯುತ್ತೇನೆ.

ದಿಂಬಂ ಘಾಟಿಯಲ್ಲೇ ಇದಕ್ಕೊಂದು ಮೇಲ್ಪಂಕ್ತಿ ಇದೆ. ಕಾಡುಪ್ರಾಣಿಗಳ ಸಲುವಾಗಿ, ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ, 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಅದು ಗಂಟೆ ಎಷ್ಟು, ಗಾಡಿ ಎಂಥದು ಎಂದು ಕೇಳುತ್ತದೆ. ಓಡಿಸುವವನ ಜನ್ಮದಿನಾಂಕ ಕೇಳುವುದಿಲ್ಲ. ಲೈಸೆನ್ಸಿಗೂ ಹೀಗೆ ಷರತ್ತು ಹಾಕಲಾಗದೇ? ಕಣ್ಣು ಮಂದವಾದವರಿಗೆ ಹಗಲು ಮಾತ್ರ, ತಾಲ್ಲೂಕಿನೊಳಗೆ ಮಾತ್ರ. ಅದಕ್ಕೂ ಮೊದಲು ಕಣ್ಣಿನ ಡಾಕ್ಟರ ಬಳಿ ಕಳಿಸಬೇಕು. ಪೊರೆ ತೆಗೆಸಿಕೊಂಡವರ ಅಪಘಾತದ ಪ್ರಮಾಣ, ತೆಗೆಸಿಕೊಳ್ಳದವರಿಗಿಂತ ಸುಮಾರು ಅರ್ಧದಷ್ಟಿತ್ತು ಎಂದು ಅಮೆರಿಕದ ಅಲಬಾಮಾದಲ್ಲಿ ನಡೆದ ಅಧ್ಯಯನವೊಂದು 2002ರಲ್ಲಿ ಕಂಡಿತು. ಲೈಸೆನ್ಸು ಕಿತ್ತುಕೊಳ್ಳುವುದಕ್ಕಿಂತ ಇದು ಅಗ್ಗ.

ಉಳಿಯುವುದು ಮರೆವಿನ ಕಾಯಿಲೆ. ಪೊರೆ ಬಂದವರಿಗೆ ಮಂಜು ಕಾಣುತ್ತದೆ. ಮರೆವು ಬಂದವರಿಗೆ ಅದು ಬಂದಿದೆ ಎಂಬುದೇ ತಿಳಿಯದು. ಇಲ್ಲಿ ನನ್ನ ವಾದ ಸೊರಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಇದನ್ನು ಮೊದಲು ಗಮನಿಸುವವರು ಪಕ್ಕದ ಸೀಟಿನವರು: ದಿನಾ ಹೋಗುವ ಕವಲಿನಲ್ಲಿ ಯಜಮಾನರು ತಡವರಿಸಿದ್ದನ್ನು ನೋಡಿದ ಹೆಂಡತಿ, ಸೊಸೆ. ಬೆಂಗಳೂರಿನಲ್ಲೋ ತಿರುಪ್ಪೂರಿನಲ್ಲೋ ಇರುವ ಮಗ ಅದನ್ನು ಕೇಳಿ ಫೋನಿನಲ್ಲಿ ‘ಅಪ್ಪಾ, ಇನ್ನು ಕಾರು ಮುಟ್ಬೇಡ’ ಎಂದು ಗದರುತ್ತಾನೆ. ಅಪ್ಪ ಕೇಳುವುದಿಲ್ಲ. ಚಾಮರಾಜನಗರದ ಡಾಕ್ಟರ ಬಳಿಗೆ ಮುಂದಿನ ಮಂಗಳವಾರ ಯಾರ ಗಾಡಿಯಲ್ಲಿ ಹೋಗುವುದು, ಬಾಡಿಗೆ ಯಾರು ಕೊಡುವುದು ಎಂಬುದನ್ನೂ ಅದೇ ಫೋನಿನಲ್ಲಿ ಇತ್ಯರ್ಥ ಮಾಡಿದ ಮಕ್ಕಳ ಮಾತನ್ನು ಅಪ್ಪಂದಿರು ಎರಡು ದಿನ ಮುನಿಸಿಕೊಂಡಾದರೂ ಕೇಳಿದ್ದನ್ನು ನೋಡಿದ್ದೇನೆ.